ಗ್ರಾಂಟ್ ತಂದೋರಿಗೆ ಹಾರ, ಲೆಕ್ಕ ಇಡೋರಿಗೆ ಒಂದು ದಿನದ ಪಿಪಿಟಿ

ಮಾರ್ಚ್ 28, ಗುರುವಾರ, ಸಾಯಂಕಾಲ ನಾಲ್ಕೂವರೆ. ಯುನಿವರ್ಸಿಟಿ ಹೆಸರು ಬೇಡ, ನಾನು ಅಲ್ಲಿ ಪ್ರಾಜೆಕ್ಟ್ ಸೆಕ್ಷನ್ನಲ್ಲಿ, ಅಂದ್ರೆ ಸಂಶೋಧನೆಗೆ ಬರೋ ಗ್ರಾಂಟ್ ಹಣ ನೋಡ್ಕೊಳ್ಳೋ ಕಡೆ, ಗುತ್ತಿಗೆ ಮೇಲೆ ಲೆಕ್ಕ ನೋಡ್ಕೋತಿದ್ದೆ. ಕೆಮಿಸ್ಟ್ರಿ ಮೇಡಂ ಒಬ್ರು ಬಿಲ್ ಹಿಡ್ಕೊಂಡು ಬಂದ್ರು, ಸಪ್ಲೈಯರಿಗೆ ಕೊಡಬೇಕಾಗಿದ್ದು ಆರು ಲಕ್ಷದ ಚಿಲ್ಲರೆ. ಎಲ್ಲಾ ಸರಿ ಇತ್ತು, ಸ್ಟಾಕ್ ಎಂಟ್ರಿ ಆಗಿತ್ತು, ಮಷೀನ್ ಕೂರಿಸಿದ ರಿಪೋರ್ಟ್ ಇತ್ತು, ನಾನು ಕೇಂದ್ರದ ಹಣ ಪಾವತಿ ಪೋರ್ಟಲ್ ಪಿಎಫ್‌ಎಂಎಸ್‌ನಲ್ಲಿ ಮೇಕರ್ ಲಾಗಿನ್‌ನಿಂದ ಎಂಟ್ರಿ ಹಾಕಿದ್ದೂ ಆಯ್ತು. ಇನ್ನು ಚೆಕರ್, ಅಂದ್ರೆ ನಮ್ಮ ಮೇಲಿನ ಸಾಹೇಬ್ರು, ಅಪ್ರೂವ್ ಮಾಡಬೇಕು, ಅದಕ್ಕೆ ಡಿಎಸ್‌ಸಿ ಬೇಕು, ಅಂದ್ರೆ ಡಿಜಿಟಲ್ ಸಹಿ ಇರೋ ಪೆನ್‌ಡ್ರೈವ್ ಥರದ್ದು. ಅದು ಸಾಹೇಬ್ರ ಬೀರುವಿನಲ್ಲಿ, ಬೀರುವಿನ ಕೀ ಸಾಹೇಬ್ರ ಜೇಬಲ್ಲಿ, ಸಾಹೇಬ್ರು ಮಗಳ ನಿಶ್ಚಿತಾರ್ಥಕ್ಕೆ ಊರಲ್ಲಿ. ಮಾರನೇ ದಿನ ಗುಡ್ ಫ್ರೈಡೇ ರಜಾ. ಫೋನ್ ಮಾಡಿದೆ, "ಸೋಮವಾರ ಬರ್ತೀನಿ ಕಣಯ್ಯ, ದುಡ್ಡೇನು ಓಡಿ ಹೋಗತ್ತಾ" ಅಂದ್ರು. ಓಡಿ ಹೋಯ್ತು. ಆ ಸೋಮವಾರ ಏಪ್ರಿಲ್ 1, ಲಾಗಿನ್ ಮಾಡಿ ನೋಡಿದ್ರೆ ಬ್ಯಾಲೆನ್ಸ್ ಜಾಗದಲ್ಲಿ ಸೊನ್ನೆ.

ಸಾಹೇಬ್ರು ಕೆಟ್ಟೋರಲ್ಲ, ಸೋಮಾರಿಯೂ ಅಲ್ಲ. ಮೂವತ್ತು ವರ್ಷದ ಸರ್ವಿಸ್‌ನಲ್ಲಿ ಅವ್ರು ನೋಡಿದ್ದು ಏನಪ್ಪಾ ಅಂದ್ರೆ, ಗ್ರಾಂಟ್ ಅಂದ್ಮೇಲೆ ಯುನಿವರ್ಸಿಟಿ ಬ್ಯಾಂಕ್ ಖಾತೆಗೆ ದುಡ್ಡು ಬರತ್ತೆ, ಅಲ್ಲೇ ಕೂತಿರತ್ತೆ, ಈ ವರ್ಷ ಖರ್ಚಾಗಲಿಲ್ಲ ಅಂದ್ರೆ ಒಂದು ಪತ್ರ ಬರೆದು ಮುಂದಿನ ವರ್ಷಕ್ಕೆ ಒಯ್ಯಬಹುದು. 2022ರ ಮಾರ್ಚ್‌ನಲ್ಲಿ ಕೇಂದ್ರದ ಹಣಕಾಸು ಸಚಿವಾಲಯ ಹೊಸ ಪದ್ಧತಿ ತಂತು. ಈಗ ನಿಮ್ಮ ಖಾತೆಗೆ ದುಡ್ಡು ಬರಲ್ಲ, ಇಷ್ಟರ ತನಕ ಖರ್ಚು ಮಾಡ್ಬಹುದು ಅಂತ ಒಂದು ಮಿತಿ ಬರತ್ತೆ, ಖಾತೆ ಝೀರೋ ಬ್ಯಾಲೆನ್ಸ್, ನೀವು ಪೇಮೆಂಟ್ ಒತ್ತಿದಾಗ ಮಾತ್ರ ಮೇಲಿಂದ ಹಣ ಇಳಿಯತ್ತೆ, ಮಾರ್ಚ್ 31 ಮುಗೀತು ಅಂದ್ರೆ ಮಿತಿಯೂ ಮುಗೀತು. ಇದನ್ನ ಯಾರೂ ಸಾಹೇಬ್ರನ್ನ ಕೂರಿಸಿ ಹೇಳಿರ್ಲಿಲ್ಲ. ಸುತ್ತೋಲೆ ಬಂದಿತ್ತು ನಿಜ, ಅದರ ಮೇಲೆ "ಮಾಹಿತಿಗಾಗಿ, ಕಡತಕ್ಕೆ ಸೇರಿಸಿ" ಅಂತ ಅವ್ರೇ ಸಹಿ ಹಾಕಿದ್ರು, ಕಡತ ತಿರುವಿ ಹಾಕಿದಾಗ ಸಿಕ್ತು ನಂಗೆ.

ಸಂಶೋಧನಾ ಅನುದಾನದ ಆಡಳಿತ ಅನ್ನೋ ಕೆಲ್ಸ ನಮ್ಮ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಇದೆ, ಆದ್ರೆ ಆ ಹೆಸರಿನ ಹುದ್ದೆ ಬಹುಪಾಲು ಕಡೆ ಇಲ್ಲ. ಎಫ್‌ಡಿಎ ಇರ್ತಾರೆ, ಎಸ್‌ಡಿಎ ಇರ್ತಾರೆ, ಸೂಪರಿಂಟೆಂಡೆಂಟ್ ಇರ್ತಾರೆ, ಜೊತೆಗೆ ನನ್ನ ಥರ ಗುತ್ತಿಗೆಯವರೋ ಹೊರಗುತ್ತಿಗೆ ಡೇಟಾ ಎಂಟ್ರಿಯವರೋ ಒಬ್ಬಿಬ್ರು. ಹೋದ ವರ್ಷ ಪರೀಕ್ಷಾಂಗದಲ್ಲಿ ಮಾರ್ಕ್ಸ್ ಕಾರ್ಡ್ ಜೋಡಿಸ್ತಿದ್ದೋರು ಈ ವರ್ಷ ಪ್ರಾಜೆಕ್ಟ್ ಸೆಕ್ಷನ್, ಬರೋ ವರ್ಷ ಹಾಸ್ಟೆಲ್ ಸೆಕ್ಷನ್. ಆ ಒಂದು ವರ್ಷದಲ್ಲಿ ಅವ್ರ ಟೇಬಲ್ ಮೇಲೆ ಏನೇನು ಹಾದು ಹೋಗತ್ತೆ ನೋಡಿ: ಸ್ಯಾಂಕ್ಷನ್ ಆರ್ಡರ್ ಓದಿ ಖರ್ಚಿನ ಹೆಡ್ ಪ್ರಕಾರ ಬಜೆಟ್ ತೆಗೆಯೋದು, ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋ) ನೇಮಕಾತಿ, ಸಂಬಳ, ಕೊಟೇಶನ್, ಟೆಂಡರ್, ಆಮದು, ಜಿಎಸ್‌ಟಿ, ಟಿಡಿಎಸ್, ಯುಸಿ ಅನ್ನೋ ಹಣ ಬಳಕೆ ಪ್ರಮಾಣಪತ್ರ, ಖರ್ಚಿನ ತಃಖ್ತೆ, ಆಡಿಟ್ ಉತ್ತರ, ಕೊನೆಗೆ ಪ್ರಾಜೆಕ್ಟ್ ಮುಗಿದ ಮೇಲೆ ಉಪಕರಣ ಯಾರದ್ದು ಅನ್ನೋ ಜಗಳ. ಇಷ್ಟಕ್ಕೆ ಅವ್ರಿಗೆ ಸಿಗೋ ತಯಾರಿ ಅಂದ್ರೆ ಹಿಂದಿನ ಕೇಸ್ ವರ್ಕರ್ ಚಾರ್ಜ್ ಕೊಡೋ ದಿನ ಹೇಳೋ ಅರ್ಧ ಗಂಟೆಯ ಮಾತು.

ನಂಗೆ ಸಿಕ್ಕಿದ್ದು ಒಂದು ಡೈರಿ. ನನಗಿಂತ ಮುಂಚೆ ಆ ಟೇಬಲ್‌ನಲ್ಲಿದ್ದ ಅಕ್ಕ ಒಬ್ರು ಬರೆದಿಟ್ಟಿದ್ದು, ಬ್ಯಾಂಕ್‌ನೋರು ಹೊಸ ವರ್ಷಕ್ಕೆ ಕೊಡೋ ಹಸಿರು ರಟ್ಟಿನ ಡೈರಿ. ಗ್ರಾಂಟ್ ಕೊಡೋ ಯಾವ ಏಜೆನ್ಸಿಗೆ ಯುಸಿ ಎಷ್ಟು ಕಾಪಿ, ಯಾವುದಕ್ಕೆ ಸಿಎ ಸಹಿ, ಯಾವುದಕ್ಕೆ ಹಣಕಾಸು ಅಧಿಕಾರಿ ಸಹಿ ಸಾಕು, ಪಿಎಫ್‌ಎಂಎಸ್ ಪಾಸ್‌ವರ್ಡ್ ಮರೆತ್ರೆ ಯಾರಿಗೆ ಫೋನ್ ಮಾಡ್ಬೇಕು, ಎಲ್ಲಾ ಅದ್ರಲ್ಲಿತ್ತು. ಒಂದು ಪುಟದಲ್ಲಿ ಕೆಂಪು ಇಂಕಲ್ಲಿ "ಬಡ್ಡಿ ನಮ್ಮದಲ್ಲ!!" ಅಂತ ಬರೆದು ಎರಡು ಗೆರೆ ಎಳೆದಿದ್ರು. ಅಂದ್ರೆ ಗ್ರಾಂಟ್ ಹಣಕ್ಕೆ ಬ್ಯಾಂಕಲ್ಲಿ ಬಂದ ಬಡ್ಡಿನ ಭಾರತಕೋಶ್ ಪೋರ್ಟಲ್ ಮೂಲಕ ಕೇಂದ್ರಕ್ಕೆ ವಾಪಸ್ ಕಟ್ಟಬೇಕು, ಜಿಎಫ್‌ಆರ್ 2017, ಅಂದ್ರೆ ಕೇಂದ್ರದ ಹಣಕಾಸು ನಿಯಮಾವಳಿ, ಅದರ ನಿಯಮ 230(8) ಹೇಳೋದು ಅದನ್ನೇ. ಆ ಎರಡು ಆಶ್ಚರ್ಯ ಚಿಹ್ನೆ ಹಿಂದೆ ಯಾವ್ದೋ ಆಡಿಟ್ ಆಕ್ಷೇಪಣೆ ಇದ್ದೇ ಇರತ್ತೆ ಅಂತ ನಂಗೆ ಆಗ್ಲೇ ಅನ್ಸಿತ್ತು.

ಈ ಡೈರಿ ವಿದ್ಯೆ ಒಂದು ಕಾಲಕ್ಕೆ ಸಾಕಾಗ್ತಿತ್ತು, ಯಾಕಂದ್ರೆ ನಿಯಮ ನಿಧಾನಕ್ಕೆ ಬದಲಾಗ್ತಿತ್ತು. ಈಗ ಹಾಗಿಲ್ಲ. 2022ರಲ್ಲಿ ಹಣ ಬರೋ ದಾರಿನೇ ಬದಲಾಯ್ತು, ಅದೇ ವರ್ಷ ಜುಲೈ 18ರಿಂದ ಸಂಶೋಧನಾ ಸಂಸ್ಥೆಗಳು ಕೊಳ್ಳೋ ಉಪಕರಣಕ್ಕಿದ್ದ 5% ರಿಯಾಯಿತಿ ಜಿಎಸ್‌ಟಿ ಹೋಗಿ ಮಾಮೂಲಿ ದರ, ಹೆಚ್ಚಿನದಕ್ಕೆ 18%, ಬಂತು. ಸ್ಯಾಂಕ್ಷನ್ ಆರ್ಡರಲ್ಲಿ ಮಾತ್ರ ಹಳೇ ಲೆಕ್ಕದ ಮೊತ್ತ, ಮಷೀನ್ ಬೆಲೆ ಅಲ್ಲೇ ಜಾಸ್ತಿ ಆಯ್ತು. 2024ರ ಫೆಬ್ರವರಿ 5ಕ್ಕೆ ಎಎನ್‌ಆರ್‌ಎಫ್ (ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ) ಕಾಯ್ದೆ ಜಾರಿಗೆ ಬಂದು, 2008ರ ಕಾಯ್ದೆಯಿಂದ ಹುಟ್ಟಿ ಸಂಶೋಧನೆಗೆ ಹಣ ಕೊಡ್ತಿದ್ದ ಎಸ್‌ಇಆರ್‌ಬಿ ಮಂಡಳಿ ಅದರೊಳಗೆ ಕರಗಿತು, ಸ್ಕೀಮ್ ಹೆಸರು, ಪತ್ರ ವ್ಯವಹಾರದ ವಿಳಾಸ ಒಂದೊಂದಾಗಿ ಬದಲು. ಅದೇ ವರ್ಷ ಜುಲೈ ಬಜೆಟ್‌ನಲ್ಲಿ ಲ್ಯಾಬ್ ಕೆಮಿಕಲ್ಸ್ ಮೇಲಿನ ಕಸ್ಟಮ್ಸ್ ಸುಂಕ 10%ರಿಂದ ಏಕ್‌ದಂ 150% ಆಯ್ತು, ವಿಜ್ಞಾನಿಗಳೆಲ್ಲ ಬೊಬ್ಬೆ ಹೊಡೆದ ಮೇಲೆ ಆಗಸ್ಟ್ ಮೊದಲ ವಾರದಷ್ಟೊತ್ತಿಗೆ ನಿಜವಾಗಿ ಬಳಸೋರಿಗೆ ಷರತ್ತಿನ ಮೇಲೆ ಮತ್ತೆ 10%. ಆ ಹತ್ತು ದಿನದಲ್ಲಿ ಆರ್ಡರ್ ಹಾಕಬೇಕೋ ಬೇಡ್ವೋ ಅಂತ ಕೇಳೋಕೆ ನಮ್ಮ ಸೆಕ್ಷನ್ನಿಗೆ ಎಷ್ಟು ಜನ ಬಂದ್ರು ಅಂತೀರಾ, ನಮಗೆ ಗೊತ್ತಿದ್ದಿದ್ದು ಪೇಪರ್‌ನಲ್ಲಿ ಬಂದಷ್ಟೇ. ಅದರ ಬೆನ್ನಿಗೇ ಸಂಶೋಧನಾ ಅನುದಾನದ ಮೇಲೆ ಜಿಎಸ್‌ಟಿ ಕಟ್ಟಿಲ್ಲ ಅಂತ ದೊಡ್ಡ ದೊಡ್ಡ ಸಂಸ್ಥೆಗಳಿಗೇ ನೋಟಿಸ್ ಹೋಯ್ತು, ಐಐಟಿ ದೆಹಲಿಗೆ ಬಂದಿದ್ದು ಸುಮಾರು 120 ಕೋಟಿಯ ನೋಟಿಸ್ ಅಂತ ಆಗ ದೊಡ್ಡ ಸುದ್ದಿ, ಸೆಪ್ಟೆಂಬರ್ 9ರ ಜಿಎಸ್‌ಟಿ ಕೌನ್ಸಿಲ್ ಸಭೆಯಲ್ಲಿ ವಿನಾಯಿತಿ ಕೊಡೋ ತೀರ್ಮಾನ ಆಯ್ತು. 2025ರ ಜೂನ್‌ನಲ್ಲಿ ಸಂಶೋಧನಾ ಖರೀದಿಯ ಮಿತಿಗಳು ಬದಲಾದ್ವು: ಕೊಟೇಶನ್ ಇಲ್ಲದೆ ಕೊಳ್ಳೋ ಮಿತಿ 1 ಲಕ್ಷದಿಂದ 2 ಲಕ್ಷಕ್ಕೆ, ಖರೀದಿ ಸಮಿತಿ ಮೂಲಕ ಕೊಳ್ಳೋದು 10 ಲಕ್ಷದಿಂದ 25 ಲಕ್ಷಕ್ಕೆ, ಸೀಮಿತ ಟೆಂಡರ್ 50 ಲಕ್ಷದಿಂದ 1 ಕೋಟಿಗೆ, ಕೇಂದ್ರದ ಆನ್‌ಲೈನ್ ಖರೀದಿ ಮಾರುಕಟ್ಟೆ ಜೆಮ್ ಪೋರ್ಟಲ್‌ನಲ್ಲೇ ತಗೋಬೇಕು ಅನ್ನೋದನ್ನ ಸಡಿಲಿಸೋ ಅಧಿಕಾರ ಕುಲಪತಿ, ನಿರ್ದೇಶಕರಿಗೆ.

ಮೂರೂಕಾಲು ವರ್ಷದಲ್ಲಿ ಇಷ್ಟು. ಡೈರಿಯಲ್ಲಿ ಒಂದಕ್ಕೂ ಉತ್ತರ ಇಲ್ಲ.

ನಿಯಮ ಗೊತ್ತಿಲ್ದೆ ಇದ್ರೆ ಯಾರಿಗೆ ಪೆಟ್ಟು ಅನ್ನೋದು ಸಣ್ಣ ಲೆಕ್ಕದಲ್ಲೇ ಚೆನ್ನಾಗಿ ಕಾಣತ್ತೆ. 2023ರ ಜೂನ್‌ನಲ್ಲಿ ಜೆಆರ್‌ಎಫ್ ಫೆಲೋಶಿಪ್ಪನ್ನ 31,000ದಿಂದ 37,000ಕ್ಕೆ ಏರಿಸಿದ್ರು, ಜನವರಿ 1ರಿಂದ ಪೂರ್ವಾನ್ವಯ. ಅದರ ಮೇಲೆ ಮನೆ ಬಾಡಿಗೆ ಭತ್ಯೆ, ಕೇಂದ್ರ ಸರ್ಕಾರದ ದರದಲ್ಲಿ, ಊರಿನ ದರ್ಜೆ ಪ್ರಕಾರ. ಆಗ ದರ 27, 18, 9%. 2024ರ ಜನವರಿಯಿಂದ ತುಟ್ಟಿಭತ್ಯೆ 50% ಮುಟ್ಟಿದ್ದಕ್ಕೆ 30, 20, 10% ಆಯ್ತು. ಹಾಗಾಗಿ ಬೆಂಗಳೂರಲ್ಲಿರೋ ಹುಡುಗನಿಗೆ 9,990 ಹೋಗಿ 11,100, ಮೈಸೂರಲ್ಲಾದ್ರೆ 7,400, ಶಂಕರಘಟ್ಟದಲ್ಲಿ ಕೂತೋರಿಗೆ 3,330 ಹೋಗಿ 3,700. ಶಂಕರಘಟ್ಟದ ವ್ಯತ್ಯಾಸ ತಿಂಗಳಿಗೆ 370 ರೂಪಾಯಿ, ಯಾರೂ ತಲೆ ಕೆಡಿಸ್ಕೊಳ್ಳಲ್ಲ ಅನ್ಸತ್ತೆ ಅಲ್ವಾ? ಆದ್ರೆ ಸ್ಯಾಂಕ್ಷನ್ ಆರ್ಡರ್‌ನಲ್ಲಿ ಹಳೇ ದರ ಇದೆ, ಹೊಸ ದರ ಕೊಡೋಕೆ ಏಜೆನ್ಸಿ ಒಪ್ಪಿಗೆ ಬೇಕಾ, ಬೇರೆ ಹೆಡ್‌ನಿಂದ ತಿರುಗಿಸಬಹುದಾ, ಇಷ್ಟು ಗೊತ್ತಿಲ್ಲದ ಕೇಸ್ ವರ್ಕರ್ ಮಾಡೋ ಅತಿ ಸುರಕ್ಷಿತ ಕೆಲ್ಸ ಅಂದ್ರೆ ಕಡತ ಪಕ್ಕಕ್ಕಿಡೋದು. 37,000ದ ಏರಿಕೆಯ ಬಾಕಿಯೂ ಅದೇ ಕಡತದಲ್ಲಿ ಕೂರತ್ತೆ. ಹುಡುಗ ಪಿಎಚ್‌ಡಿ ಮುಗಿಸಿ ಹೋದ ಮೇಲೂ ಬಾಕಿ ಬರ್ದೆ ಇರೋ ಕಥೆಗಳು ಯಾವ ಕ್ಯಾಂಪಸ್‌ನ ಕ್ಯಾಂಟೀನ್‌ಗೆ ಹೋದ್ರೂ ಸಿಗತ್ವೆ.

ಇನ್ನೊಂದು, ನನ್ನದೇ ತಪ್ಪು. ಕೆಲ್ಸಕ್ಕೆ ಸೇರಿದ ಹೊಸತರಲ್ಲಿ ಒಂದು ಯುಸಿ ಮಾಡಿ ಕಳಿಸಿದೆ, ಹಳೇ ಫೈಲಿನ ಫಾರ್ಮ್ಯಾಟ್ ನೋಡ್ಕೊಂಡು ಟೈಪ್ ಮಾಡಿದ್ದೆ, ಮೇಲೆ "ಜಿಎಫ್‌ಆರ್ 19-ಎ" ಅಂತ. ಎರಡು ತಿಂಗಳಾದ ಮೇಲೆ ವಾಪಸ್ ಬಂತು. 19-ಎ ಅನ್ನೋದು 2005ರ ನಿಯಮದ ನಮೂನೆ, 2017ರಿಂದ 12-ಎ. ಅಂಕಿ ಎಲ್ಲಾ ಸರಿ ಇತ್ತು, ಪೈಸೆ ಸಮೇತ. ಆದ್ರೆ 12-ಎನಲ್ಲಿ ಬಡ್ಡಿ ಬೇರೆ, ವಾಪಸ್ ಕಟ್ಟಿದ್ದು ಬೇರೆ ಕಾಲಂ, ಜೊತೆಗೆ ದೃಢೀಕರಣದ ಉದ್ದ ಪಟ್ಟಿ. ಯುಸಿ ಇಲ್ಲದೆ ಮುಂದಿನ ಕಂತಿಲ್ಲ, ಕಂತಿಲ್ಲದೆ ಜೆಆರ್‌ಎಫ್‌ಗೆ ಸಂಬಳ ಇಲ್ಲ, ಆ ಪ್ರಾಜೆಕ್ಟಿನ ಸರ್ ಪಾಪ ನಾಲ್ಕು ತಿಂಗಳು ಕೈಯಿಂದ ಆ ಜೆಆರ್‌ಎಫ್ ಹುಡುಗಿಗೆ ಕೊಟ್ರು, ನಂಗೆ ಒಂದು ಮಾತೂ ಬಯ್ಯಲಿಲ್ಲ, ಅದೇ ಜಾಸ್ತಿ ಚುಚ್ಚಿತ್ತು. ನಂಗೆ ಅದಕ್ಕೂ ಮುಂಚೆ ಯಾರಾದ್ರೂ ಒಂದೇ ಒಂದು ಗಂಟೆ ಆ ನಮೂನೆ ಮುಂದಿಟ್ಟು ಸಾಲು ಸಾಲು ಹೇಳಿಕೊಟ್ಟಿದ್ರೆ ಆಗ್ತಿರ್ಲಿಲ್ಲ.

ಇದರ ಮೇಲೆ ನಮ್ಮ ಕಡೆಯದೇ ಒಂದು ಗಂಟು. ದುಡ್ಡು ಕೇಂದ್ರದ್ದು, ವಿಶ್ವವಿದ್ಯಾಲಯ ರಾಜ್ಯದ್ದು. ಕೇಂದ್ರದ ಏಜೆನ್ಸಿ ಜಿಎಫ್‌ಆರ್ ಪ್ರಕಾರ ಖರ್ಚು ಮಾಡಿ ಅನ್ನತ್ತೆ, ಖರೀದಿ ಅಂದ ತಕ್ಷಣ ನಮ್ಮ ಆಫೀಸಿನೋರಿಗೆ ನೆನಪಾಗೋದು 1999ರ ಕೆಟಿಪಿಪಿ, ಅಂದ್ರೆ ರಾಜ್ಯದ ಸಾರ್ವಜನಿಕ ಖರೀದಿ ಕಾಯ್ದೆ ಮತ್ತು ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್. ವಿಜಿಎಸ್‌ಟಿ ಥರ ರಾಜ್ಯದ ಹಣ ಬಂದ್ರೆ ಗೊಂದಲ ಕಮ್ಮಿ, ಕೇಂದ್ರದ್ದಾದ್ರೆ ಒಂದೇ ಸೆಂಟ್ರಿಫ್ಯೂಜ್ ತಗೊಳ್ಳೋಕೆ ಮೂರು ಅಭಿಪ್ರಾಯ: ಪ್ರೊಫೆಸರ್ ಜೆಮ್ ಬೇಡ ಅಂತಾರೆ, ಸೂಪರಿಂಟೆಂಡೆಂಟ್ ಕೆಟಿಪಿಪಿ ಅಂತಾರೆ, ಆಡಿಟ್‌ನೋರು ಬಂದು ಎರಡೂ ಯಾಕೆ ನೋಡಿಲ್ಲ ಅಂತಾರೆ. 2025ರ ಜೂನ್ ಆದೇಶ ಬಂದಾಗ ನಮ್ಮ ಗುಂಪಲ್ಲಿ ಮೊದಲ ಪ್ರಶ್ನೆ "ಇದು ನಮಗೆ ಅನ್ವಯ ಆಗತ್ತಾ?" ಅಂತಾನೇ. ವಾಟ್ಸಾಪ್‌ನಲ್ಲಿ ಪಿಡಿಎಫ್ ಓಡಾಡ್ತು, ಇಪ್ಪತ್ತು ಜನ ಥಂಬ್ಸ್ ಅಪ್ ಹಾಕಿದ್ರು, ಕಡತದಲ್ಲಿ ಟಿಪ್ಪಣಿ ಬರೆಯೋ ಧೈರ್ಯ ಒಬ್ರಿಗೂ ಬರ್ಲಿಲ್ಲ. ಧೈರ್ಯ ಬರೋದು ಓದಿದ್ದು ಸರಿ ಅಂತ ಖಾತ್ರಿ ಆದಾಗ, ಆ ಖಾತ್ರಿ ಕೊಡೋರು ಇಲ್ಲ.

ಹಾಗಾದ್ರೆ ಟ್ರೈನಿಂಗ್ ಯಾರಿಗೆ ಸಿಗತ್ತೆ? ಮೇಷ್ಟ್ರುಗಳಿಗೆ. ಯುಜಿಸಿ ಎಂಬತ್ತರ ದಶಕದ ಕೊನೆಯಲ್ಲೇ ಅಕಾಡೆಮಿಕ್ ಸ್ಟಾಫ್ ಕಾಲೇಜು ಅಂತ ಶುರು ಮಾಡ್ತು, ಆಮೇಲೆ ಅದು ಎಚ್‌ಆರ್‌ಡಿಸಿ ಆಯ್ತು, ಈಗ ಮಾಳವೀಯ ಮಿಷನ್ ಕೇಂದ್ರ. ಅಧ್ಯಾಪಕರಿಗೆ ಓರಿಯಂಟೇಶನ್, ರಿಫ್ರೆಶರ್ ಆಗ್ದೆ ಪ್ರಮೋಷನ್ ಆಗಲ್ಲ, ಹಾಗಾಗಿ ಹೋಗೇ ಹೋಗ್ತಾರೆ. ಪ್ರಪೋಸಲ್ ಬರೆಯೋದು ಹೇಗೆ ಅಂತ ವರ್ಷಕ್ಕೆ ನಾಲ್ಕು ವರ್ಕ್‌ಶಾಪ್ ನಡೆಯತ್ತೆ, ನಡೀಲಿ ಬಿಡಿ, ಆದ್ರೆ ಪ್ರಪೋಸಲ್ ಪಾಸಾಗಿ ಹಣ ಬಂದ ಮೇಲೆ ಏನು ಅನ್ನೋದಕ್ಕೆ ಒಂದೂ ಇಲ್ಲ. ಸರ್ಕಾರಿ ನೌಕರರಿಗೆ ಮೈಸೂರಿನ ಆಡಳಿತ ತರಬೇತಿ ಸಂಸ್ಥೆ ಇದೆ, ಇಲಾಖಾ ಪರೀಕ್ಷೆಗಳಿವೆ, ಅಲ್ಲಿ ಕಲಿಯೋದು ಖಜಾನೆ, ಸೇವಾ ನಿಯಮ, ಕಚೇರಿ ಪದ್ಧತಿ. ಒಳ್ಳೇದೇ. ಆದ್ರೆ ಗ್ರಾಂಟ್ ಹಣದ ಸ್ವಭಾವನೇ ಬೇರೆ, ಅದಕ್ಕೆ ಆಯುಷ್ಯ ಮೂರು ವರ್ಷ, ಅದರ ಯಜಮಾನ ದೂರದ ದೆಹಲಿಯಲ್ಲಿ, ಅದನ್ನ ಖರ್ಚು ಮಾಡೋದು ಲೆಕ್ಕ ಗೊತ್ತಿಲ್ಲದ ವಿಜ್ಞಾನಿ. ಪಿಎಫ್‌ಎಂಎಸ್ ಬಗ್ಗೆ ಆಗಾಗ ಒಂದು ದಿನದ ತರಬೇತಿ ಆಗತ್ತೆ, ನಾನೂ ಒಂದಕ್ಕೆ ಹೋಗಿದ್ದೆ, ದೊಡ್ಡ ಹಾಲ್, ನೂರೈವತ್ತು ಜನ, ಸ್ಕ್ರೀನ್ ಮೇಲೆ ಮೂರನೇ ಸಾಲಿನೋರಿಗೂ ಕಾಣದಷ್ಟು ಸಣ್ಣ ಅಕ್ಷರದ ಸ್ಕ್ರೀನ್‌ಶಾಟ್, ಹನ್ನೊಂದಕ್ಕೆ ಬಿಸ್ಕೆಟ್ಟು, ಒಂದಕ್ಕೆ ಊಟ, ನಾಲ್ಕಕ್ಕೆ ಸರ್ಟಿಫಿಕೇಟು. ಬ್ಯಾಗ್ ಚೆನ್ನಾಗಿತ್ತು, ಇವತ್ತಿಗೂ ತರಕಾರಿ ತರೋಕೆ ಬಳಸ್ತೀವಿ.

ಬೇರೆ ಕಡೆ ಇದನ್ನ ಒಂದು ವೃತ್ತಿ ಅಂತಲೇ ನೋಡ್ತಾರೆ. ಅಮೆರಿಕದಲ್ಲಿ ಎನ್‌ಸಿಯುಆರ್‌ಎ ಅನ್ನೋ ಸಂಶೋಧನಾ ಆಡಳಿತಗಾರರ ಸಂಘ ಶುರುವಾಗಿದ್ದು 1959ರಲ್ಲಿ, ಪರೀಕ್ಷೆ ಬರೆದು ಸರ್ಟಿಫೈಡ್ ರಿಸರ್ಚ್ ಅಡ್ಮಿನಿಸ್ಟ್ರೇಟರ್ ಆಗಬಹುದು, ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಇದೇ ವಿಷಯಕ್ಕೆ ಮಾಸ್ಟರ್ಸ್ ಡಿಗ್ರಿ ಇದೆ. ಅಮೆರಿಕದ ದುಡ್ಡಿನ ಮಾತು ಬಿಡಿ ಅನ್ನೋದಾದ್ರೆ ಆಫ್ರಿಕಾದ ದಕ್ಷಿಣ ಭಾಗದ ದೇಶಗಳೂ 2002ರಲ್ಲೇ ಸಾರಿಮಾ ಅಂತ ಸಂಘ ಕಟ್ಟಿಕೊಂಡಿವೆ. ನಮ್ಮಲ್ಲಿ ಡಿಬಿಟಿ-ವೆಲ್ಕಮ್ ಟ್ರಸ್ಟ್ ಇಂಡಿಯಾ ಅಲಯನ್ಸ್ 2018ರಲ್ಲಿ ಇಂಡಿಯಾ ರಿಸರ್ಚ್ ಮ್ಯಾನೇಜ್‌ಮೆಂಟ್ ಇನಿಶಿಯೇಟಿವ್ ಶುರು ಮಾಡ್ತು, ಬೆಂಗಳೂರಿನ ಜಿಕೆವಿಕೆ ಕ್ಯಾಂಪಸ್ಸಲ್ಲಿರೋ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನಲ್ಲಿ ಇದಕ್ಕಂತಲೇ ಒಂದು ಆಫೀಸಿದೆ. ಅಂಥ ಕಡೆ ಇರೋರು ಬಹಳಷ್ಟು ಜನ ಪಿಎಚ್‌ಡಿ ಮಾಡಿದೋರು, ಇಂಗ್ಲಿಷಲ್ಲಿ ಸಲೀಸು, ಅವರವರ ನಡುವೆ ನೆಟ್‌ವರ್ಕ್ ಇದೆ. ಅದೇ ಜಿಕೆವಿಕೆ ಕ್ಯಾಂಪಸ್ಸಿಂದ ನಾಲ್ಕೈದು ಗಂಟೆ ಬಸ್ಸಲ್ಲಿ ಹೋದ್ರೆ ಸಿಗೋ ರಾಜ್ಯ ವಿಶ್ವವಿದ್ಯಾಲಯದ ಎಫ್‌ಡಿಎಗೆ ಅಂಥದ್ದೊಂದು ವೃತ್ತಿ ಇದೆ ಅನ್ನೋದೇ ಗೊತ್ತಿಲ್ಲ, ಗೊತ್ತಾದ್ರೂ ಆ ಕೋರ್ಸಿನ ಭಾಷೆ ಅವನದ್ದಲ್ಲ. ಇದು ನಂಗೆ ತುಂಬಾ ಬೇಜಾರು ತರೋ ವಿಷಯ, ಯಾಕಂದ್ರೆ ಎಎನ್‌ಆರ್‌ಎಫ್ ಕಟ್ಟಿದ ಉದ್ದೇಶಗಳಲ್ಲಿ ಒಂದು ರಾಜ್ಯ ವಿಶ್ವವಿದ್ಯಾಲಯಗಳಿಗೆ ಸಂಶೋಧನಾ ಹಣ ತಲುಪಿಸೋದು, ಐದು ವರ್ಷಕ್ಕೆ 50,000 ಕೋಟಿ ಅಂತ ಮಾತು, ದೊಡ್ಡ ಸಂಸ್ಥೆ ಹಬ್ ಆಗಿ ಸುತ್ತ ಸಣ್ಣ ವಿಶ್ವವಿದ್ಯಾಲಯಗಳು ಸೇರೋ ಪೇರ್ ಅನ್ನೋ ಯೋಜನೆನೂ ಇದೆ. ವಿಜ್ಞಾನ ಕಲಿಸೋಕೆ ಹಬ್ ಇದೆ, ಯುಸಿ ಬರೆಯೋದು ಕಲಿಸೋಕೆ ಇಲ್ಲ.

ಟ್ರೈನಿಂಗ್ ಕೊಟ್ಟುಬಿಟ್ರೆ ಎಲ್ಲಾ ಸರಿ ಹೋಗತ್ತೆ ಅಂತಾನೂ ನಾನು ಹೇಳ್ತಿಲ್ಲ. ಕೊಟ್ಟಿದ್ದು ಎಲ್ಲಿ ಉಳಿಯತ್ತೆ ಅನ್ನೋದು ಮೊದಲು ನೋಡ್ಬೇಕು. ನಮ್ಮಲ್ಲಿ ಒಬ್ಬ ಎಸ್‌ಡಿಎ ಇದ್ದ, ಚುರುಕು ಹುಡುಗ, ಒಂದೂವರೆ ವರ್ಷದಲ್ಲಿ ಪಿಎಫ್‌ಎಂಎಸ್‌ನಲ್ಲಿ ಅವನಷ್ಟು ಪಳಗಿದೋರು ಯಾರೂ ಇರ್ಲಿಲ್ಲ, ಬೇರೆ ವಿಶ್ವವಿದ್ಯಾಲಯದಿಂದ ಅವನಿಗೆ ಫೋನ್ ಬರ್ತಿತ್ತು. ಒಂದು ದಿನ ಆರ್ಡರ್ ಬಂತು, ದೂರ ಶಿಕ್ಷಣ ವಿಭಾಗಕ್ಕೆ ವರ್ಗ. ಅವನ ಜಾಗಕ್ಕೆ ನಿವೃತ್ತಿಗೆ ಏಳು ತಿಂಗಳಿದ್ದ ಹಿರಿಯರು ಬಂದ್ರು, ಮೊದಲ ದಿನವೇ ಕೈ ಮುಗಿದು "ಕಂಪ್ಯೂಟರ್ ಒಂದು ನಂಗೆ ಹೇಳ್ಬೇಡಪ್ಪ" ಅಂದ್ರು. ಹೊರಗುತ್ತಿಗೆಯವರದ್ದು ಇನ್ನೂ ಕಷ್ಟ, ಏಜೆನ್ಸಿ ಬದಲಾದ್ರೆ ಜನಾನೂ ಬದಲು, ಕಲಿತಿದ್ದು ಅವ್ರ ಜೊತೆ ಗೇಟಿಂದಾಚೆ ಹೋಗತ್ತೆ. ಹಾಗಾಗಿ ನನ್ನ ಪ್ರಕಾರ ಮೊದಲು ಬೇಕಾಗಿರೋದು ಹೆಸರಿರೋ ಹುದ್ದೆ, ಅಲ್ಲಿ ಕನಿಷ್ಠ ಒಂದು ಪ್ರಾಜೆಕ್ಟಿನ ಆಯುಷ್ಯದಷ್ಟು, ಅಂದ್ರೆ ಮೂರು ವರ್ಷ ಕದಲಿಸಲ್ಲ ಅನ್ನೋ ಆದೇಶ, ಮತ್ತೆ ಈ ಕೆಲ್ಸ ಕಲಿತದ್ದಕ್ಕೆ ಪ್ರಮೋಷನ್‌ನಲ್ಲಿ ಏನಾದ್ರೂ ಬೆಲೆ. ಮೇಷ್ಟ್ರಿಗೆ ರಿಫ್ರೆಶರ್ ಮಾಡಿದ್ರೆ ಸ್ಥಾನ ಏರತ್ತೆ, ಗುಮಾಸ್ತೆಗೆ ಟ್ರೈನಿಂಗ್ ಮಾಡಿದ್ರೆ ಕೆಲ್ಸ ಏರತ್ತೆ, "ನಿಂಗೆ ಗೊತ್ತಲ್ಲ, ನೀನೇ ಮಾಡು" ಅಂತ.

ದುಡ್ಡೆಲ್ಲಿದೆ ಅಂತ ಕೇಳ್ತಾರೆ. ಪ್ರತಿ ಪ್ರಾಜೆಕ್ಟ್ ಜೊತೆ ಓವರ್‌ಹೆಡ್ ಅಂತ ಸಂಸ್ಥೆಗೆ ಒಂದು ಪಾಲು ಬರತ್ತೆ, ಇಂಥ ಆಡಳಿತದ ಖರ್ಚಿಗೇ ಅದು ಇರೋದು. ಅದು ಎಲ್ಲಿಗೆ ಹೋಗತ್ತೆ ಅಂದ್ರೆ ಬಹಳ ಕಡೆ ಯುನಿವರ್ಸಿಟಿಯ ಸಾಮಾನ್ಯ ಹೊಟ್ಟೆಗೆ, ಕರೆಂಟ್ ಬಿಲ್ಲು, ಪಿಂಚಣಿ, ಗೆಸ್ಟ್ ಫ್ಯಾಕಲ್ಟಿ ಸಂಬಳ. ವಿಶ್ವವಿದ್ಯಾಲಯಗಳ ಕಷ್ಟ ನೋಡಿದ್ರೆ ತಪ್ಪು ಅನ್ನೋಕೂ ಬಾಯಿ ಬರಲ್ಲ. ಆದ್ರೂ ಅದ್ರಲ್ಲಿ ಒಂದು ತುಣುಕನ್ನ ಸೆಕ್ಷನ್ನಿಗೇ ಅಂತ ತೆಗೆದಿಟ್ರೆ, ಎರಡು ಒಳ್ಳೇ ಕಂಪ್ಯೂಟರ್, ಇನ್ನೊಂದು ಡಿಎಸ್‌ಸಿ, ವರ್ಷಕ್ಕೆ ನಾಲ್ಕು ದಿನದ ಕಲಿಕೆ ಆಗತ್ತೆ. ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಸಂಶೋಧನಾ ಅನುದಾನದ ಮೊತ್ತ ತೋರಿಸೋದು ನಾವೇ ಟೈಪ್ ಮಾಡಿಕೊಟ್ಟ ತಃಖ್ತೆಯಿಂದ, ಘಟಿಕೋತ್ಸವದ ಭಾಷಣದಲ್ಲಿ ಬರೋ ಕೋಟಿ ಲೆಕ್ಕವೂ ಅದೇ.

ಆ ನಾಲ್ಕು ದಿನ ಹೇಗಿರಬೇಕು ಅಂದ್ರೆ, ದೊಡ್ಡ ಹಾಲ್ ಬೇಡ. ಹನ್ನೆರಡು ಜನ, ಕನ್ನಡದಲ್ಲಿ, ಪ್ರತಿಯೊಬ್ರೂ ತಮ್ಮ ಒಂದು ಸಿಕ್ಕಾದ ಕಡತ ತರಲಿ. ಮುಚ್ಚದೆ ಉಳಿದ ಪ್ರಾಜೆಕ್ಟ್, ಆಡಿಟ್ ಆಕ್ಷೇಪಣೆ, ವಾಪಸ್ ಬಂದ ಯುಸಿ. ಎದುರಿಗೆ ಆಡಿಟ್‌ನಿಂದ ನಿವೃತ್ತರಾದ ಒಬ್ರು, ಪಳಗಿದ ಹಣಕಾಸು ಅಧಿಕಾರಿ ಒಬ್ರು. ಕಡತ ಬಿಚ್ಚಿ ಪುಟ ಪುಟ ನೋಡಿ ಇಲ್ಲಿ ಹೀಗೆ ಟಿಪ್ಪಣಿ ಬರೆದಿದ್ರೆ ಆಗ್ತಿತ್ತು ಅಂತ ಬರೆಸಲಿ. ಬೆಳಿಗ್ಗೆ ಒಂದು ಹೊತ್ತು ಪ್ರೊಫೆಸರುಗಳೂ ಕೂರಲಿ, ಜನವರಿ ತನಕ ಸುಮ್ನಿದ್ದು ಮಾರ್ಚ್ ಮೂರನೇ ವಾರಕ್ಕೆ ಹನ್ನೊಂದು ಬಿಲ್ ಒಟ್ಟಿಗೆ ತರೋರು ಅವ್ರೇ ತಾನೇ. ಅವ್ರಿಗೆ ಟೇಬಲ್‌ನ ಈ ಕಡೆಯಿಂದ ಆ ಪೋರ್ಟಲ್ ಹೇಗೆ ಕಾಣತ್ತೆ ಅಂತ ಒಂದ್ಸಲ ತೋರಿಸಬೇಕು.

ನಾನು ಆ ಕೆಲ್ಸ ಬಿಟ್ಟಿದ್ದು ಹೋದ ವರ್ಷ. ನನ್ನ ಜಾಗಕ್ಕೆ ಬಂದ ಹುಡುಗಿ ಬಿಕಾಂ ಮುಗಿಸಿ ನೇರ ಬಂದಿದ್ದಳು. ಹಸಿರು ಡೈರಿ ಅವಳ ಕೈಗೆ ಕೊಡೋ ಮುಂಚೆ ಒಂದು ಸಂಜೆ ಕೂತು ತಿದ್ದಿದೆ, 19-ಎ ಹೊಡೆದು 12-ಎ, ಎಸ್‌ಇಆರ್‌ಬಿ ಇದ್ದ ಕಡೆಯೆಲ್ಲ ಎಎನ್‌ಆರ್‌ಎಫ್, 1 ಲಕ್ಷ ಹೊಡೆದು 2 ಲಕ್ಷ ಪಕ್ಕದಲ್ಲಿ ಪ್ರಶ್ನೆ ಚಿಹ್ನೆ. ಕೊನೇ ಪುಟದಲ್ಲಿ ಜಾಗ ಉಳಿದಿತ್ತು, ಅಲ್ಲಿ ಸಾಹೇಬ್ರ ಬೀರುವಿನ ಇನ್ನೊಂದು ಕೀ ಯಾರ ಹತ್ರ ಇದೆ ಅಂತ ಬರೆದೆ.